ಕೀಮೋ ಬೇಡ ಅಂದವರು ಬೇಡ ಅಂದದ್ದು ಯಾವುದನ್ನು?

ಸ್ತನ ಕ್ಯಾನ್ಸರಿನ ಆಪರೇಷನ್ ಆದ ಮೇಲೆ "ಕೀಮೋ ಬೇಡ" ಅಂತ ಮನೆಗೆ ಹೊರಟುಬಿಡುವ ಹೆಂಗಸರನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮನೆಯವರು ಅವರನ್ನು ನನ್ನ ಹತ್ತಿರ ಕರೆತರುತ್ತಾರೆ. ಔಷಧಿ ಬರೆಯುವವಳು ನಾನಲ್ಲ, ಕೂತು ಮಾತಾಡಿ ಸಲಹೆ ಹೇಳುವವಳು. "ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅನ್ನುತ್ತಾರೆ. ಬುದ್ಧಿ ಹೇಳುವುದಕ್ಕೆ ಮೊದಲು ಕೇಳಿಸಿಕೊಳ್ಳಬೇಕಾದದ್ದು ಎಷ್ಟಿರುತ್ತದೆ ಅನ್ನುವುದಕ್ಕೆ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಜಯಮ್ಮನವರಿಗೆ 57 ವರ್ಷ. ಚಿತ್ರದುರ್ಗದ ಕಡೆಯವರು. ಎಡ ಸ್ತನ ತೆಗೆದು ಐದು ವಾರ ಆಗಿತ್ತು. ಗಡ್ಡೆ ಎರಡೂವರೆ ಸೆಂಟಿಮೀಟರ್, ಗ್ರೇಡ್ 2, ಅಂದರೆ ಮಧ್ಯಮ ವೇಗದಲ್ಲಿ ಬೆಳೆಯುವ ಬಗೆ. ಕಂಕುಳಿನಿಂದ ತೆಗೆದ 14 ಗ್ರಂಥಿಗಳಲ್ಲಿ ಒಂದರಲ್ಲಿ ಮಾತ್ರ ಕಾಯಿಲೆ ಇತ್ತು. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ (ಹಾರ್ಮೋನಿನ ಬಲದಿಂದ ಬೆಳೆಯುವ ಬಗೆ), ಹರ್-2 ನೆಗೆಟಿವ್ (ಗಡ್ಡೆಯನ್ನು ಬೇಗ ಬೆಳೆಸುವ ಹರ್-2 ಅನ್ನುವ ಪ್ರೋಟೀನ್ ಹೆಚ್ಚಿಲ್ಲ). ಡಾಕ್ಟರು ಬರೆದಿದ್ದು ಎಷ್ಟೋ ಜನರಿಗೆ ಕೊಡುವ ಕ್ರಮವೇ. ಮೂರು ವಾರಕ್ಕೊಂದರಂತೆ ನಾಲ್ಕು ಸಲ ಎರಡು ಔಷಧಿ ಸೇರಿದ ಕೀಮೋ. ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧಿ. ಅದಾದ ಮೇಲೆ ವರ್ಷಗಟ್ಟಲೆ ಹಾರ್ಮೋನ್ ತಡೆಯುವ ಮಾತ್ರೆ.

ಗಂಡ, ಮಗ ಜೊತೆಗೆ ಬಂದಿದ್ದರು. ಮಾತೆಲ್ಲ ಮಗನದ್ದೇ. "ಕೂದಲು ಉದುರುತ್ತೆ ಅಂತ ಹೆದರಿದಾರೆ ಮೇಡಂ. ವಾಪಸ್ ಬರುತ್ತೆ ಅಂದ್ರೂ ಕೇಳಲ್ಲ. ವಿಗ್ ಕೂಡ ತಂದಿಟ್ಟಿದೀನಿ." ಒಳ್ಳೆಯ ಹುಡುಗ, ಅಮ್ಮನ ಮೇಲೆ ಪ್ರಾಣ ಇಟ್ಟಿದ್ದಾನೆ. ಆದರೆ ನಾನು ಅಮ್ಮನನ್ನು ಏನು ಕೇಳಿದರೂ ಉತ್ತರ ಅವನಿಂದಲೇ ಬರುತ್ತಿತ್ತು. ಅಪ್ಪ ಮಗ ಇಬ್ಬರನ್ನೂ ಕಾಫಿ ಕುಡಿದು ಬನ್ನಿ ಅಂತ ಕಳಿಸಿದೆ.

ಸ್ವಲ್ಪ ಹೊತ್ತು ಜಯಮ್ಮ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವರ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು. ಆಮೇಲೆ ಮುಂದಕ್ಕೆ ಬಗ್ಗಿ ನನ್ನ ಸೆರಗಿನ ತುದಿ ಹಿಡಿದು ನೋಡಿದರು.

"ಈ ಕುಚ್ಚು ಎಲ್ಲಿ ಕಟ್ಟಿಸಿದ್ರಿ ಮೇಡಂ? ಗಂಟು ಬಿಗಿ ಇಲ್ಲ. ನಾಲ್ಕು ಸಲ ಉಟ್ರೆ ಎಳೆ ಬಿಚ್ಕೊಳುತ್ತೆ."

ನೀವು ಕುಚ್ಚು ಕಟ್ತೀರಾ ಅಂದೆ. ಅಷ್ಟೇ ಕೇಳಿದ್ದು. ಅಲ್ಲಿಂದ ಅವರು ನಿಲ್ಲಿಸದೆ ಮಾತಾಡಿದರು. ಮೊಳಕಾಲ್ಮುರು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಿ ಕೊಡುತ್ತಾರಂತೆ. ಮಣಿ ಹಾಕಿದ್ದು, ಕ್ರೋಶಾದ್ದು, ಎಲ್ಲ ಬರುತ್ತದಂತೆ. ಮದುವೆ ಸೀಸನ್ನಿನಲ್ಲಿ ಮನೆ ತುಂಬ ಸೀರೆ. ಮಗಳ ಮದುವೆಗೆ ಎತ್ತಿದ ಚೀಟಿ ಈ ದುಡ್ಡಿನದ್ದೇ. "ಈಗ ಮಗ ಕೊಡ್ತಾನೆ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಕೇಳ್ಬೇಕಲ್ಲ."

ನಂತರ ಬಂತು ನಿಜವಾದ ಮಾತು. "ನಮ್ ಬೀದೀಲಿ ಒಬ್ರಿಗೆ ಇದೇ ಕಾಯಿಲೆ. ಕೀಮೋ ಮುಗಿದು ಎರಡು ವರ್ಷ ಆಯ್ತು, ಇನ್ನೂ ಬೆರಳು ಜೋಮು. ಬ್ಲೌಸಿನ ಹುಕ್ಕು ಹಾಕ್ಕೊಳೋಕೆ ಸೊಸೇನ ಕರೀತಾರೆ. ಕೂದಲು ಹೋದ್ರೆ ಹೋಗ್ಲಿ, ತಲೆ ಮೇಲೆ ಸೆರಗು ಹೊದ್ಕೊಂಡು ಕೂತು ಕುಚ್ಚು ಕಟ್ತೀನಿ. ಬೆರಳು ಹೋದ್ರೆ ಏನ್ ಮಾಡ್ಲಿ?"

ಅವರ ಫೈಲು ತೆಗೆದು ನೋಡಿದೆ. ಉದ್ಯೋಗ ಅನ್ನುವ ಕಡೆ "ಗೃಹಿಣಿ" ಅಂತ ಬರೆದಿತ್ತು. ನನಗೆ ಸಿಟ್ಟು ಬಂದಿದ್ದು ಇಲ್ಲಿ. ನಮ್ಮಲ್ಲಿ ಹೂವು ಕಟ್ಟುವವರು, ಬೀಡಿ ಸುತ್ತುವವರು, ಹಾಲು ಕರೆಯುವವರು, ಹೊಲಿಗೆಯವರು ಎಲ್ಲರೂ ಫೈಲಿನಲ್ಲಿ ಗೃಹಿಣಿಯರೇ. ಬೆರಳಿನಿಂದಲೇ ಬದುಕುವ ಹೆಂಗಸಿಗೆ ಬೆರಳು ಮರಗಟ್ಟಿಸಬಹುದಾದ ಔಷಧಿ ಬರೆಯುವಾಗ, ಬೆರಳಿನ ಮಾತು ಬರಲೇಬೇಕು ಅಲ್ವಾ? ಎಲ್ಲರೂ ಅವರಿಗೆ ಕೂದಲಿನ ಬಗ್ಗೆ ಧೈರ್ಯ ಹೇಳುತ್ತಿದ್ದರು. ಅವರು ಹೆದರಿದ್ದೇ ಬೇರೆಯದಕ್ಕೆ.

ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲಿನ ಬೆರಳ ತುದಿಗಳ ನರಗಳಿಗೆ ಪೆಟ್ಟಾಗಬಹುದು. ಬಹಳ ಜನರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. "ಏನೂ ಆಗಲ್ಲಮ್ಮ" ಅಂದಿದ್ದರೆ ನಾನು ಸುಳ್ಳು ಹೇಳಿದಂತೆ.

ನಾನು ಕೊಟ್ಟ ಸಲಹೆ ಇಷ್ಟು. ಈಗಲೇ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. ನಾಡಿದ್ದೇ ಡಾಕ್ಟರ ಹತ್ತಿರ ಹೋಗಿ, ನಿಮ್ಮ ಬಾಯಿಂದಲೇ ಕೇಳಿ. ಬರೀ ಮಾತ್ರೆ ತಗೊಂಡರೆ ಎಷ್ಟು, ಕೀಮೋ ಸೇರಿಸಿದರೆ ಎಷ್ಟು ಜಾಸ್ತಿ ಅನುಕೂಲ? ಅದರಲ್ಲಿ ಬೆರಳಿಗೆ ತೊಂದರೆ ಕೊಡುವ ಔಷಧಿಯ ಪಾಲೆಷ್ಟು? ಅದನ್ನು ಬಿಟ್ಟು ಬೇರೆ ದಾರಿ ಇದೆಯಾ? ಚೀಟಿಯಲ್ಲಿ ಬರೆದೂ ಕೊಟ್ಟೆ. ಮಗ ಕೂತು ಕೇಳಿಸಿಕೊಳ್ಳಲಿ, ಮಾತು ಮಾತ್ರ ನಿಮ್ಮದೇ ಇರಲಿ ಅಂದೆ.

ಡಾಕ್ಟರು ಸಮಾಧಾನವಾಗಿ ಹೇಳಿದರಂತೆ. ಇಂಥದ್ದೇ ರಿಪೋರ್ಟು, ಇದೇ ವಯಸ್ಸಿನ 100 ಜನರನ್ನು ತಗೊಂಡರೆ, ಮಾತ್ರೆಯ ಜೊತೆ ಪೂರ್ತಿ ಕೀಮೋ ಕೊಡುವುದರಿಂದ ಹತ್ತು ವರ್ಷದ ಹೊತ್ತಿಗೆ ಸುಮಾರು ನಾಲ್ಕು ಜನ ಹೆಚ್ಚಿಗೆ ಬದುಕಿರುತ್ತಾರೆ. ಆ ನಾಲ್ವರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಉಳಿಯುವವರು ಸುಮಾರು ಒಬ್ಬರು. ಔಷಧಿ ಹೋಗುವಾಗ ಕೈಗೆ ಮಂಜಿನ ಗ್ಲೌಸ್ ಹಾಕಿದರೆ ಜೋಮು ಕಡಿಮೆಯಾಗಬಹುದು, ಪೂರ್ತಿ ತಪ್ಪುತ್ತದೆ ಅಂತ ಹೇಳಲಾಗದು. ಕೀಮೋದಿಂದ ಅನುಕೂಲ ಆಗುತ್ತದೆಯೇ ಅಂತ ತಿಳಿಯಲು ಗಡ್ಡೆಯ ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸುವ ದಾರಿಯೂ ಇದೆ, ಆದರೆ ದುಬಾರಿ. (ಈ ಅಂಕಿಗಳು ಜಯಮ್ಮನವರ ರಿಪೋರ್ಟಿನವು. ನಿಮ್ಮ ಮನೆಯವರಿಗೆ ಹಚ್ಚಿ ನೋಡಬೇಡಿ.)

ಪರೀಕ್ಷೆಗೆ ಅವರ ಹತ್ತಿರ ದುಡ್ಡಿರಲಿಲ್ಲ. ಎರಡು ದಿನ ಯೋಚಿಸಿ ಜಯಮ್ಮ ತೀರ್ಮಾನಿಸಿದರು. ಮೊದಲ ನಾಲ್ಕು ಕೀಮೋ ತಗೊಳ್ಳುತ್ತೇನೆ, ಬೆರಳಿನ ಔಷಧಿ ಬೇಡ. "ಆ ಒಬ್ರು ನಾನೇ ಆಗಿರಬಹುದು, ಗೊತ್ತು ಮೇಡಂ. ಆದ್ರೂ ಸಾಕು" ಅಂದರು. ಡಾಕ್ಟರು ಒಪ್ಪಿದರು.

ಮಗನಿಗೆ ಮಾತ್ರ ನನ್ನ ಮೇಲೆ ಕೋಪ. "ಹದಿನಾರು ಅಂದಿದ್ದನ್ನ ನಾಲ್ಕಕ್ಕೆ ಇಳಿಸಿದ್ರಿ. ನಾಳೆ ಏನಾದ್ರೂ ಆದ್ರೆ?" ಅಂತ ಫೋನಿನಲ್ಲಿ ಕೇಳಿದ. ಅವನ ಭಯ ನನಗೆ ಅರ್ಥವಾಗುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನನ್ನ ಕೋಣೆಗೆ ಬಂದಾಗ ಜಯಮ್ಮ ಒಂದನ್ನೂ ತಗೊಳ್ಳುವವರಿರಲಿಲ್ಲ. ಅವರ ಭಯ ಯಾವುದು ಅಂತ ಗೊತ್ತಾದ ಮೇಲೆಯೇ ನಾಲ್ಕಕ್ಕೆ ದಾರಿ ಆಗಿದ್ದು. ಇನ್ನೊಂದು, ಇನ್ನಷ್ಟು ತಗೊಂಡರೆ ಇನ್ನಷ್ಟು ಒಳ್ಳೆಯದು ಅನ್ನುವ ಲೆಕ್ಕ ಎಲ್ಲರಿಗೂ ಸರಿಹೋಗುವುದಿಲ್ಲ. ಆಪರೇಷನ್ ನಂತರದ ಕೀಮೋ ಕಾಯಿಲೆ ಮರಳುವುದನ್ನು ತಗ್ಗಿಸುತ್ತದೆ ಅಂತ ಮಿಲಾನಿನ ಡಾ. ಜಿಯಾನ್ನಿ ಬೊನಡೊನ್ನ ಅವರ ತಂಡ 1976ರಲ್ಲೇ ತೋರಿಸಿತ್ತು. ಕಣ್ಣಿಗೆ ಕಾಣದೆ ಮೈಯಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕಣಗಳಿಗೆ ಆ ಔಷಧಿ. ಆಮೇಲಿನ ವರ್ಷಗಳಲ್ಲಿ ವೈದ್ಯರೇ ಇನ್ನೊಂದು ಪ್ರಶ್ನೆ ಕೇಳಿಕೊಂಡರು: ಯಾರಿಗೆ ಬೇಡ? 2018ರ ಟೈಲರ್-ಎಕ್ಸ್, 2021ರ ಆರ್‌ಎಕ್ಸ್-ಪಾಂಡರ್ ಅಧ್ಯಯನಗಳಿಂದ, ಹಾರ್ಮೋನ್ ಪಾಸಿಟಿವ್ ಇದ್ದು ಜೀನ್ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ, ಮುಟ್ಟು ನಿಂತ ಬಹಳಷ್ಟು ಹೆಂಗಸರಿಗೆ ಬರೀ ಮಾತ್ರೆಯೇ ಸಾಕು ಅಂತ ಗೊತ್ತಾಯಿತು.

ಹಾಗಂತ ಇದನ್ನು ಓದಿ ಯಾರೂ ಕೀಮೋ ಬಿಡಬೇಡಿ. ಟ್ರಿಪಲ್ ನೆಗೆಟಿವ್ (ಎರಡು ಬಗೆಯ ಹಾರ್ಮೋನ್ ರಿಸೆಪ್ಟರ್, ಹರ್-2 ಮೂರೂ ನೆಗೆಟಿವ್) ಇದ್ದರೆ, ಹರ್-2 ಪಾಸಿಟಿವ್ ಇದ್ದರೆ, ಹೆಚ್ಚು ಗ್ರಂಥಿಗಳಿಗೆ ಹರಡಿದ್ದರೆ ಕೀಮೋದಿಂದ ಸಿಗುವ ಲಾಭ ಸಾಮಾನ್ಯವಾಗಿ ಬಹಳ ದೊಡ್ಡದು. ಅಂಥವರು ಬೇಡ ಅಂದರೆ ನಾನು ಇನ್ನೊಂದು ಸಲ, ಮತ್ತೊಂದು ಸಲ ಕೂರಿಸಿಕೊಂಡು ಮಾತಾಡುತ್ತೇನೆ. ಯೋಚನೆಗೆ ಸಮಯ ತಗೊಳ್ಳಿ, ಆದರೆ ತಿಂಗಳುಗಟ್ಟಲೆ ಬೇಡ. ಆಪರೇಷನ್ ಆಗಿ ಮೂರು ತಿಂಗಳು ದಾಟಿದ ಮೇಲೆ ಶುರುಮಾಡಿದರೆ ಫಲ ಕಡಿಮೆಯಾಗುತ್ತದೆ. ಕೀಮೋ ಬಿಟ್ಟು ನಾಟಿ ಔಷಧಿ ಒಂದನ್ನೇ ನಂಬಿದವರು, ಗಡ್ಡೆ ಒಡೆದ ಮೇಲೆ ವಾಪಸ್ ಬಂದದ್ದನ್ನೂ ನೋಡಿದ್ದೇನೆ. ಜಯಮ್ಮನವರು ಮಾಡಿದ್ದು ಅದಲ್ಲ. ಅವರು ಡಾಕ್ಟರ ಎದುರು ಕೂತು, ಕೇಳಿ, ಆರಿಸಿಕೊಂಡರು.

ಜಯಮ್ಮನವರಿಗೆ ನಾಲ್ಕು ಕೀಮೋ ಮುಗಿದು ಈಗ ಹಾರ್ಮೋನ್ ತಡೆಯುವ ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ. ಅದರಿಂದಲೂ ಕೀಲು ಬಿಗಿತ ಬರಬಹುದು. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲು ಕಷ್ಟ ಅಂತ ಮೊನ್ನೆ ಫೋನ್ ಮಾಡಿದ್ದರು. ಮಾತ್ರೆ ನಿಲ್ಲಿಸಿಲ್ಲ, ಕೇಳಿಯೇ ಮುಂದಿನದು ಅಂದರು. ಅದೇ ಕೆಲಸ ಮಾಡುವ ಬೇರೆ ಮಾತ್ರೆಗೆ ಬದಲಿಸಿ ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ. ಮುಂದಿನ ವಾರ ಬರುತ್ತಿದ್ದಾರೆ.