'ಸಾಗಿಸು' ಅಂದರೆ 'ತಗೊಂಡು ಹೋಗು' ಅಂತಲೇನಾ?

ನೀವು ಕೇಳಿರುವುದು ಎರಡು ವಿಷಯ. 'ಪುಸ್ತಕಗಳನ್ನು ಮೇಲಿನ ಕೋಣೆಗೆ ಸಾಗಿಸಿದೆ' ಅಂತ ಬರೆದರೆ ಸರಿಯಾ? 'ಸಂಸಾರ ಸಾಗಿಸು' ಅನ್ನುವಾಗ ಬರುವುದೂ ಇದೇ ಪದವಾ? ಎರಡನೆಯದನ್ನೇ ಮೊದಲು ನೋಡೋಣ.

ಹೌದು, ಇದೇ ಪದ. ಓಡು–ಓಡಿಸು, ಏರು–ಏರಿಸು ಇದ್ದ ಹಾಗೆ ಸಾಗು–ಸಾಗಿಸು. ಸಾಗು ಅಂದರೆ ಮುಂದಕ್ಕೆ ಹೋಗುತ್ತಾ ಇರು. ಮೆರವಣಿಗೆ ಸಾಗುತ್ತದೆ, ದೋಣಿ ಸಾಗುತ್ತದೆ, ಕೆಲಸ ಸಾಗುತ್ತದೆ. 'ನಿನ್ನ ಆಟ ನನ್ನ ಹತ್ತಿರ ಸಾಗಲ್ಲ' ಅಂದಾಗಲೂ ಅದೇ, ಆಟ ಅಲ್ಲಿಗೇ ನಿಂತಿತು ಅಂತ. ತಾನಾಗಿ ಮುಂದೆ ಹೋಗದೆ ಇರುವುದನ್ನು ಹೋಗುವ ಹಾಗೆ ಮಾಡಿದರೆ ಅದು ಸಾಗಿಸುವುದು. ಸಿಮೆಂಟ್ ಮೂಟೆ ತಾನಾಗಿ ಎಲ್ಲಿಗೂ ಹೋಗಲ್ಲ, ಲಾರಿ ಬೇಕು. ಸಂಸಾರವೂ ಅಷ್ಟೇ, ಯಾರಾದರೂ ದುಡಿದು ಎಳೆಯಬೇಕು. 'ಹೇಗಿದ್ದೀರಿ?' ಅಂದರೆ 'ಹೇಗೋ ಸಾಗಿಸ್ತಾ ಇದ್ದೀವಿ' ಅಂತಾರಲ್ಲ, ಆ ಒಂದು ಮಾತಿನಲ್ಲಿ ಹೊತ್ತ ಭಾರವೂ ಇದೆ, ಇನ್ನೂ ಉಳಿದ ದಾರಿಯೂ ಇದೆ. ನನಗೆ ಈ ಪದ ತುಂಬಾ ಇಷ್ಟವಾಗುವುದು ಇದೇ ಕಾರಣಕ್ಕೆ.

ಭಾರ, ದಾರಿ. ಈ ಎರಡನ್ನು ನೆನಪಿಟ್ಟುಕೊಳ್ಳಿ. ಕೊಡೆಯನ್ನು ಯಾರೂ 'ಸಾಗಿಸು' ಅನ್ನುವುದಿಲ್ಲ. 'ಕೊಡೆ ತಗೊಂಡು ಹೋಗು' ಅನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ 'ಒಯ್ಯಿ' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ದಕ್ಷಿಣದ ಕಡೆ ಮಾತಿನಲ್ಲಿ 'ಒಯ್ಯು' ಒಂಟಿಯಾಗಿ ಬರುವುದು ಕಮ್ಮಿ, ಆದರೆ ಕೊಂಡೊಯ್ಯು, ಕರೆದೊಯ್ಯು, ಹೊತ್ತೊಯ್ಯು ಅಂತ ಬರೆಯುವಾಗ ಎಲ್ಲರಿಗೂ ಅದೇ ಬೇಕು. ಕುರ್ಚಿಯನ್ನು ಸ್ವಲ್ಪ ಆಚೆ ಇಡಬೇಕಾದರೆ ಸರಿಸಿದರೆ ಸಾಕು.

ಮನುಷ್ಯರ ವಿಷಯ ಬಂದಾಗ ಜಾಸ್ತಿ ಎಚ್ಚರ ಬೇಕು. ಒಮ್ಮೆ ಒಂದು ಸಮಾರಂಭದ ಕರಡು ಪ್ರಕಟಣೆ ತಿದ್ದಲು ನನ್ನ ಕೈಗೆ ಬಂತು. ಅದರಲ್ಲಿ 'ಅತಿಥಿಗಳನ್ನು ಬಸ್ಸಿನಲ್ಲಿ ಸಾಗಿಸಲಾಗುವುದು' ಅಂತಿತ್ತು. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಓದಿದ ಕೂಡಲೇ ಅತಿಥಿಗಳು ಮೂಟೆಗಳಾಗಿ ಕಂಡರು. 'ಕರೆದೊಯ್ಯಲಾಗುವುದು' ಅಂತ ತಿದ್ದಿದೆ. ಹಾಗಾದರೆ ಪತ್ರಿಕೆಗಳಲ್ಲಿ 'ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಲಾಯಿತು' ಅಂತ ಬರೆಯುತ್ತಾರಲ್ಲ? ಅಲ್ಲಿ ಅದು ಸರಿ. ಗಾಯಗೊಂಡವರು ಎದ್ದು ನಡೆಯುವ ಸ್ಥಿತಿಯಲ್ಲಿಲ್ಲ, ಅವರನ್ನು ಬೇರೆಯವರೇ ಹೊತ್ತು ಮುಟ್ಟಿಸಬೇಕು. ದನಗಳಿಗೂ ಹೀಗೇ. ಲಾರಿಗೆ ಹತ್ತಿಸಿದರೆ ಸಾಗಿಸಿದರು, ನಡೆಸಿಕೊಂಡು ಹೋದರೆ ಹೊಡೆದುಕೊಂಡು ಹೋದರು.

ಹಣದಲ್ಲಿ ಈ ಪದದ ಬಣ್ಣವೇ ಬೇರೆ. 'ಹಣ ವರ್ಗಾಯಿಸಿದರು' ಅಂದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಯಿತು. 'ಹಣ ಸಾಗಿಸಿದರು' ಅಂದರೆ ಚೀಲ, ಕಾರಿನ ಡಿಕ್ಕಿ, ರಾತ್ರಿ ಹೊತ್ತು ಎಲ್ಲ ಕಣ್ಣ ಮುಂದೆ ಬರುತ್ತವೆ, ಅಲ್ವಾ? ಕಳ್ಳಸಾಗಣೆ ಅನ್ನುವ ಪದದ ನೆರಳು ಇದರ ಮೇಲೆ ಬಿದ್ದಿದೆ. ನೀವು ಸುಮ್ನೆ ಸ್ನೇಹಿತರಿಗೆ ಹಣ ಕಳಿಸಿದ್ದನ್ನು ಹೇಳುವಾಗ ಈ ಪದ ಬಳಸಬೇಡಿ.

ಸಾಗಣೆ, ಸಾಗಾಟ, ಸಾಗಾಣಿಕೆ ಮೂರೂ ಚಾಲ್ತಿಯಲ್ಲಿವೆ. ಕೊನೆಯದನ್ನು ಬರೆಯುವಾಗ ಮಾತ್ರ ಅಕ್ಷರ ನೋಡಿಕೊಳ್ಳಿ. ಕೋಳಿ ಸಾಕಾಣಿಕೆ ಅಂದರೆ ಕೋಳಿ ಬೆಳೆಸುವುದು, ಕೋಳಿ ಸಾಗಾಣಿಕೆ ಅಂದರೆ ಅವನ್ನು ಗಾಡಿಗೆ ತುಂಬಿ ಕಳಿಸುವುದು. ಅಚ್ಚಾದ ಪುಟಗಳಲ್ಲೂ ಈ ತಪ್ಪು ನೋಡಿದ್ದೇನೆ.

ನೀವು ಕೇಳದಿದ್ದರೂ 'ಸಾಗಹಾಕು' ಬಗ್ಗೆ ಹೇಳಲೇಬೇಕು. ಇದನ್ನು 'ಸಾಗಿಸು' ಜಾಗದಲ್ಲಿ ಹಾಕಿದರೆ ಅರ್ಥ ಪೂರ್ತಿ ಕೆಡುತ್ತದೆ. ಸಾಗಿಸುವವರಿಗೆ ವಸ್ತು ಇನ್ನೊಂದು ಕಡೆ ಮುಟ್ಟಬೇಕು. ಸಾಗಹಾಕುವವರಿಗೆ ಅದು ಇಲ್ಲಿಂದ ತೊಲಗಿದರೆ ಸಾಕು, ಎಲ್ಲಿಗೆ ಹೋಯಿತು ಅನ್ನುವುದು ಬೇಕಿಲ್ಲ. 'ಸಾಲ ಕೇಳಲು ಬಂದವನನ್ನು ಏನೋ ಹೇಳಿ ಸಾಗಹಾಕಿದ' ಅನ್ನುತ್ತೇವೆ. ಇದರ ಕಟ್ಟಡವೂ ಚೆಂದ. 'ಬರಮಾಡು' ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಬರ+ಮಾಡು, ಸಾಗ+ಹಾಕು. ಒಂದು ಬಾಗಿಲು ತೆರೆಯುವ ಪದ, ಇನ್ನೊಂದು ಮುಚ್ಚುವ ಪದ, ಎರಡನ್ನೂ ಒಂದೇ ರೀತಿ ಹೆಣೆದಿದ್ದಾರೆ.

ಈಗ ನಿಮ್ಮ ವಾಕ್ಯ. ಎರಡು ಪುಸ್ತಕ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದರೆ 'ತಗೊಂಡು ಹೋದೆ' ಅಂತ ಬರೆಯಿರಿ. ಇಡೀ ಕಪಾಟು ಖಾಲಿ ಮಾಡಿ, ಹತ್ತು ಸಲ ಹತ್ತಿ ಇಳಿದು, ಬೆನ್ನು ನೋಯಿಸಿಕೊಂಡಿದ್ದರೆ 'ಸಾಗಿಸಿದೆ' ಅನ್ನುವುದೇ ಸರಿ. ಅದನ್ನು ಬದಲಾಯಿಸಬೇಡಿ.