ಮೂರನೇ ಅಂಕಿಯ ಮರ್ಯಾದೆ

ಓದುಗರ ಪತ್ರ

ಕಳೆದ ಸಂಚಿಕೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಮೇಂಟೆನೆನ್ಸ್ ಅಪ್‌ಡೇಟ್ ಬಗ್ಗೆ ಎರಡು ಪುಟ ಬರೆದಿದ್ದೀರಿ. ಓದಿದೆ. ಹೊಸದೇನೂ ಇಲ್ಲ. ಅಲ್ಲೊಂದು ಬಗ್ ಸರಿ ಮಾಡಿದರು, ಇಲ್ಲೊಂದು ತೂತು ಮುಚ್ಚಿದರು, ಅಷ್ಟೇ. ಇದಕ್ಕೆ ಎರಡು ಪುಟ ಬೇಕಿತ್ತೇ? ನನ್ನ ಅನುಭವ ಕೇಳಿ. ಪೈಥಾನ್‌ನ 3.10.6 ಆವೃತ್ತಿಯಲ್ಲಿ ನನ್ನ ಪ್ರೋಗ್ರಾಂ ಚೆನ್ನಾಗಿ ಓಡುತ್ತಿತ್ತು. 3.10.7 ಹಾಕಿದೆ, 2000ರ ಫ್ಯಾಕ್ಟೋರಿಯಲ್ (1ರಿಂದ 2000ದವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿದರೆ ಬರುವ ಸಂಖ್ಯೆ) ಪ್ರಿಂಟ್ ಮಾಡಲು ಆಗುವುದಿಲ್ಲ ಎಂದಿತು. ವಾಪಸ್ 3.10.6ಕ್ಕೆ ಬಂದೆ. ಅಂದಿನಿಂದ ಅಲ್ಲೇ ಸುಖವಾಗಿದ್ದೇನೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ಅಲ್ವಾ? ಹೆಸರು ಹಾಕಬೇಡಿ.

ಒಬ್ಬ ಹಳೆಯ ಓದುಗ

ಸಂಪಾದಕರ ಉತ್ತರ

ಸ್ವಾಮಿ, ನಿಮ್ಮ ಪತ್ರವನ್ನು ನನ್ನ ಮೇಜಿನ ಮೇಲಿಟ್ಟ ಉಪಸಂಪಾದಕಿ "ಸರ್, ಇದು ನಿಮ್ಮದೇ" ಎಂದು ನಗುತ್ತಾ ಹೋದರು. ಈ ವಿಷಯ ಯಾರಾದರೂ ಎತ್ತಿದರೆ ನಾನು ಸುಲಭಕ್ಕೆ ಬಿಡುವುದಿಲ್ಲ ಅಂತ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ನೀವು ಎತ್ತಿದ್ದೀರಿ. ಇನ್ನು ಅನುಭವಿಸಿ.

ನಿಮ್ಮ ಕಡೆಯ ನ್ಯಾಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಅಪ್‌ಡೇಟ್ ಹಾಕಿದವರೇ ಸಿಕ್ಕಿಬಿದ್ದ ಪ್ರಸಂಗ ಉಂಟು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯ್ತು. ಆತುರದಿಂದ ಹೊಸದು ಹಾಕಿಕೊಂಡವರ ಯಂತ್ರಕ್ಕೆ ಅದು ಬಂತು, ಹಳೆಯದರಲ್ಲೇ ಕೂತಿದ್ದ ಸೋಮಾರಿಗಳಿಗೆ ಏನೂ ಆಗಲಿಲ್ಲ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್‌ಗೆ ಅನುಮಾನ ಬರದೇ ಇದ್ದಿದ್ದರೆ ಇನ್ನೂ ಎಷ್ಟು ದಿನ ಹಾಗೇ ಇರುತ್ತಿತ್ತೋ.

ನನಗೂ ಪೆಟ್ಟು ಬಿದ್ದಿದೆ. ಚಂದಾ ನವೀಕರಿಸಿ ಅಂತ ಓದುಗರಿಗೆ ಈಮೇಲ್‌ನಲ್ಲಿ ಒಂದು ಲಿಂಕ್ ಕಳಿಸುತ್ತಿದ್ದೆವು. ಅದನ್ನು ಕೂತು ಬರೆದವನು ನಾನೇ. ಹೆಸರು, ಚಂದಾ ಸಂಖ್ಯೆ, ಊರು ಇವುಗಳ ನಡುವೆ ಎಲ್ಲರೂ ಆಂಪರ್‌ಸ್ಯಾಂಡ್ (&) ಹಾಕಿದರೆ ನಾನು ಸೆಮಿಕೋಲನ್ (;) ಹಾಕಿದ್ದೆ. ಪೈಥಾನ್ ಎರಡನ್ನೂ ಒಪ್ಪುತ್ತಿತ್ತು. 2021ರ ಫೆಬ್ರವರಿಯಲ್ಲಿ 3.9.2 ಬಂತು, ಹಾಕಿದೆವು. ಮುಂದಿನ ಸಂಚಿಕೆಯ ವಿಳಾಸದ ಚೀಟಿಗಳು ಪ್ರಿಂಟಾಗಿ ಬಂದಾಗ ನೋಡಿದರೆ, ಹೆಸರಿನ ಜಾಗದಲ್ಲಿ ಹೆಸರು, ಸಂಖ್ಯೆ, ಊರು ಎಲ್ಲ ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಉಳಿದ ಖಾನೆಗಳು ಖಾಲಿ.

ಬೈದುಕೊಂಡೇ ಬಿಡುಗಡೆ ಟಿಪ್ಪಣಿ ತೆಗೆದೆ. ವಿಷಯ ಹೀಗಿತ್ತು. ಒಮ್ಮೆ ತಂದ ಪುಟದ ನಕಲು ಇಟ್ಟುಕೊಂಡು ಮುಂದಿನವರಿಗೆ ಅದನ್ನೇ ಕೊಡುವ ಕ್ಯಾಶ್ ಸರ್ವರ್ ಮಧ್ಯದಲ್ಲಿ ಕೂತಿರುತ್ತದೆ. ಅದಕ್ಕೆ ಸೆಮಿಕೋಲನ್ ಬರೀ ಒಂದು ಅಕ್ಷರ. ಪೈಥಾನ್‌ಗೆ ಅದೇ ಎರಡು ಮಾಹಿತಿಗಳ ನಡುವಿನ ಗೋಡೆ. ಒಂದೇ ವಿಳಾಸವನ್ನು ಇಬ್ಬರು ಎರಡು ಥರ ಓದಿದರೆ ನಡುವಿನ ಸಂದಿಗೆ ಕಿಡಿಗೇಡಿ ನುಗ್ಗುತ್ತಾನೆ. ತನಗೆ ಬೇಕಾದ ಹಾಳು ಪುಟವನ್ನು ಕ್ಯಾಶ್‌ಗೆ ತುಂಬಿಸಿ, ಆಮೇಲೆ ಬಂದವರಿಗೆಲ್ಲ ಅದೇ ಸಿಗುವ ಹಾಗೆ ಮಾಡುತ್ತಾನೆ. ಅದಕ್ಕೇ ಇನ್ನು ಮೇಲೆ ಆಂಪರ್‌ಸ್ಯಾಂಡ್ ಮಾತ್ರ ಅಂತ ಮಾಡಿದ್ದರು. ನನ್ನ ಲಿಂಕ್ ತಿದ್ದಿದ್ದು ಹತ್ತು ನಿಮಿಷದ ಕೆಲಸ. ಚೀಟಿಗಳನ್ನು ಮತ್ತೆ ಪ್ರಿಂಟ್ ಹಾಕಿ ಅಂಟಿಸಲು ಮಾತ್ರ ಎರಡು ದಿನ ಹಿಡಿಯಿತು, ಸುಳ್ಳು ಹೇಳುವುದಿಲ್ಲ.

ನಿಮ್ಮ ಪರವಾಗಿ ಇಷ್ಟು ವಕಾಲತ್ತು ಸಾಕು.

ಈಗ ನಿಮ್ಮ ಫ್ಯಾಕ್ಟೋರಿಯಲ್‌ಗೆ ಬರೋಣ. 1000ರ ಫ್ಯಾಕ್ಟೋರಿಯಲ್‌ಗೆ 2568 ಅಂಕಿ. ಅದು 3.10.7ರಲ್ಲೂ ತೆಪ್ಪಗೆ ಪ್ರಿಂಟ್ ಆಗುತ್ತದೆ. 2000ರದ್ದಕ್ಕೆ 5736 ಅಂಕಿ. ಅದು ಆಗುವುದಿಲ್ಲ, ಯಾಕೆಂದರೆ ಮಿತಿ 4300. ಯಾವನೋ ತಲೆಕೆಟ್ಟವನು ಹಾಕಿದ ಮಿತಿ ಅಂತ ನೀವು ಅಂದುಕೊಂಡಿರಿ. ಯಾಕೆ ಹಾಕಿದರು ಅಂತ ನೋಡಿದಿರಾ? ಕಂಪ್ಯೂಟರ್ ಒಳಗೆ ಸಂಖ್ಯೆ ಇರುವುದು ಎರಡರ ಲೆಕ್ಕದಲ್ಲಿ. ನಮಗೆ ತೋರಿಸಬೇಕಾದರೆ ಹತ್ತರ ಲೆಕ್ಕಕ್ಕೆ ತಿರುಗಿಸಬೇಕು, ನಾವು ಕೊಟ್ಟಿದ್ದನ್ನು ಓದಬೇಕಾದರೆ ಉಲ್ಟಾ ತಿರುಗಿಸಬೇಕು. ಅಂಕಿ ಎರಡು ಪಟ್ಟಾದರೆ ಈ ತಿರುಗಿಸುವ ಕೆಲಸ ನಾಲ್ಕು ಪಟ್ಟು ಹೊತ್ತು ತಿನ್ನುತ್ತದೆ. ಹತ್ತು ಪಟ್ಟಾದರೆ ನೂರು ಪಟ್ಟು. ಐದು ಲಕ್ಷ ಅಂಕಿಯ ಸಾಲೊಂದನ್ನು ಸಂಖ್ಯೆಯಾಗಿ ಓದು ಅಂದರೆ ವೇಗದ ಯಂತ್ರವೂ ಒಂದು ಸೆಕೆಂಡಿಗಿಂತ ಜಾಸ್ತಿ ಒದ್ದಾಡುತ್ತದೆ. ಐದು ಲಕ್ಷ ಅಂಕಿ ಅಂದರೆ ಎಷ್ಟು ಡೇಟಾ? ಫೋನಿನಲ್ಲಿ ಕಳಿಸುವ ಒಂದು ಸಣ್ಣ ಫೋಟೋದಷ್ಟು. ಅದನ್ನು ಯಾರೋ ನಿಮ್ಮ ಸರ್ವರ್‌ಗೆ ಬಿಡದೆ ಕಳಿಸುತ್ತಾ ಕೂತರೆ? ಬೀಗ ಒಡೆಯಬೇಕಿಲ್ಲ, ಪಾಸ್‌ವರ್ಡ್ ಕದಿಯಬೇಕಿಲ್ಲ. ಸುಮ್ನೆ ಅಂಕಿ ಕಳಿಸಿದರೆ ಸಾಕು, ನಿಮ್ಮ ಯಂತ್ರ ಲೆಕ್ಕ ಹಾಕುತ್ತಾ ಹಾಕುತ್ತಾ ಮಲಗುತ್ತದೆ.

ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಈ ದೋಷದ ಹೆಸರು ಸಿವಿಇ-2020-10735. ಸಂಖ್ಯೆ 2020ರದ್ದು, ತೇಪೆ ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ. 3.10 ಒಂದಕ್ಕೇ ಅಲ್ಲ, 3.7, 3.8, 3.9 ಎಲ್ಲಕ್ಕೂ. ದೊಡ್ಡ ಸಂಖ್ಯೆಗಳ ಜೊತೆ ಕೆಲಸ ಮಾಡುವವರು ನಿಮ್ಮ ಹಾಗೇ ಕೂಗಾಡಿದರು. ಆದರೆ ಹದಿನಾರರ, ಎಂಟರ, ಎರಡರ ಲೆಕ್ಕದಲ್ಲಿ ಬರೆಯುವುದಕ್ಕೆ ಮಿತಿಯೇ ಇಲ್ಲ. ಹತ್ತರ ಲೆಕ್ಕದಲ್ಲೇ ಬೇಕು ಅನ್ನುವವರಿಗೆ ಮಿತಿ ತೆಗೆದುಹಾಕಲು ಒಂದು ಸಾಲಿನ ದಾರಿ ಕೊಟ್ಟಿದ್ದಾರೆ. ಅದೂ ಬಿಡುಗಡೆ ಟಿಪ್ಪಣಿಯಲ್ಲೇ ಇತ್ತು. ನೀವು "ಹೊಸದೇನೂ ಇಲ್ಲ" ಅಂತ ಪುಟ ತಿರುವಿದಿರಿ.

ಇನ್ನು ಆ "ಸುಖವಾಗಿದ್ದೇನೆ" ಎಂಬ ಮಾತು. ಪತ್ರದಲ್ಲಿ ನನಗೆ ತಡೆಯಲಾಗದೆ ಹೋಗಿದ್ದು ಅದೇ. ನಿಮ್ಮ 3.10.6ರಲ್ಲಿ ಒಂದಕ್ಷರವೂ ಬದಲಾಗಿಲ್ಲ, ನಿಜ. ಬದಲಾಗಿದ್ದು ಹೊರಗೆ. ತೇಪೆ ಹೊರಬಿದ್ದ ದಿನವೇ ತೂತು ಎಲ್ಲಿತ್ತು ಅನ್ನುವುದೂ ಹೊರಬೀಳುತ್ತದೆ. ಹಳೆಯ ಕೋಡ್, ಹೊಸ ಕೋಡ್ ಅಕ್ಕಪಕ್ಕ ಇಟ್ಟರೆ ಸಾಲಿನ ಸಂಖ್ಯೆ ಸಮೇತ ಸಿಗುತ್ತದೆ. ನಿನ್ನೆವರೆಗೆ ನಾಲ್ಕು ಜನಕ್ಕೆ ಗೊತ್ತಿದ್ದ ಗುಟ್ಟು ಇವತ್ತು ಡಂಗುರ. ಅಪ್‌ಡೇಟ್ ಬರುವ ಹಿಂದಿನ ದಿನ ಇದ್ದಷ್ಟು ಸುರಕ್ಷಿತವಾಗಿ ನೀವು ಮಾರನೇ ದಿನ ಇರುವುದಿಲ್ಲ. ನೀವು ಏನೂ ಮಾಡದೇ ಇದ್ದರೂ, ಅಥವಾ ಏನೂ ಮಾಡದೇ ಇದ್ದದ್ದಕ್ಕೇ.

ವೆಬ್ ಪುಟ ಕಟ್ಟಲು ಬಳಸುವ ಪಿಎಚ್‌ಪಿ ಎಂಬ ಭಾಷೆಯ ಕತೆ ಕೇಳಿ. ಸಿಜಿಐ ಎಂಬ ರೀತಿಯಲ್ಲಿ, ಅಂದರೆ ಬಂದ ಕೋರಿಕೆಯನ್ನು ಬೇರೊಂದು ಪ್ರೋಗ್ರಾಂಗೆ ದಾಟಿಸಿ, ಪಿಎಚ್‌ಪಿ ಓಡಿಸುವ ಸರ್ವರ್‌ಗಳಲ್ಲಿ, ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ನಂತರ ಒಂದು ಹೈಫನ್ ಹಾಕಿದರೆ ಸಾಕು, ಮುಂದಿನದೆಲ್ಲ ತನಗೇ ಕೊಟ್ಟ ಆಜ್ಞೆ ಅಂತ ಪಿಎಚ್‌ಪಿ ತಿಳಿಯುತ್ತಿತ್ತು. ಯಾರೋ ದಾರಿಹೋಕ ನಿಮ್ಮ ಯಂತ್ರಕ್ಕೆ ಹುಕುಂ ಕೊಡಬಹುದಿತ್ತು. 2012ರ ಮೇ ತಿಂಗಳಲ್ಲಿ 5.3.12ರಲ್ಲಿ ಮುಚ್ಚಿದರು. ಪೂರ್ತಿ ಮುಚ್ಚಿರಲಿಲ್ಲ, ಕೆಲವೇ ದಿನದಲ್ಲಿ 5.3.13 ತಂದರು. ಮುಗಿಯಿತು ಅಂದುಕೊಂಡರು. ಹನ್ನೆರಡು ವರ್ಷ ಕಳೆದ ಮೇಲೆ, 2024ರ ಜೂನ್‌ನಲ್ಲಿ ಅದೇ ಬಾಗಿಲು ಮತ್ತೆ ತೆರೆಯಿತು. ವಿಂಡೋಸ್‌ನ ಕೆಲವು ಭಾಷೆಗಳ ಸೆಟ್ಟಿಂಗ್‌ನಲ್ಲಿ ಸಾಫ್ಟ್ ಹೈಫನ್ ಎಂಬ ಇನ್ನೊಂದು ಅಕ್ಷರವನ್ನು ಕೊಟ್ಟರೆ ವಿಂಡೋಸ್ ತಾನೇ ಉಪಕಾರ ಮಾಡಿ ಅದನ್ನು ಮಾಮೂಲಿ ಹೈಫನ್ ಮಾಡಿಬಿಡುತ್ತಿತ್ತು. ಕಾವಲುಗಾರ ಹುಡುಕುತ್ತಿದ್ದ ಹೈಫನ್ ಬಾಗಿಲು ದಾಟುವಾಗ ಇಲ್ಲ, ಒಳಗೆ ಹೋದ ಮೇಲೆ ಇದೆ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ ಅನ್ನುವುದು ಇದಕ್ಕೇ. ಇದನ್ನು ಮುಚ್ಚಿದ 8.3.8 ಬಂದ ಎರಡು ಮೂರು ದಿನದೊಳಗೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಗ್ಯಾಂಗ್ ಒಂದು ಈ ತೂತಿನಿಂದಲೇ ನುಗ್ಗತೊಡಗಿತು. ಆ ಎರಡು ದಿನ ನಿಮ್ಮಂತೆ ಸುಖವಾಗಿದ್ದವರು ಎಷ್ಟು ಜನವೋ.

ತೇಪೆ ಹಾಕುವವರು ದೇವರೇನಲ್ಲ. ಹೆಸರು ಹಿಡಿದು ಮಾಹಿತಿ ಇಡಲು ಪ್ರೋಗ್ರಾಂ ಬಳಸುವ ಡಿಕ್ಷನರಿ ಎಂಬ ಕಪಾಟಿನಲ್ಲಿ ಒಂದೊಂದು ಹೆಸರು ಒಂದೊಂದು ಗೂಡಿಗೆ ಹೋಗಬೇಕಲ್ಲ, ಎಲ್ಲವೂ ಒಂದೇ ಗೂಡಿಗೆ ಬೀಳುವಂಥ ಹೆಸರುಗಳನ್ನೇ ಆರಿಸಿ ಕಳಿಸಿದರೆ ಸರ್ವರ್ ಸುಸ್ತಾಗುತ್ತದೆ ಅಂತ 2011ರ ಡಿಸೆಂಬರ್‌ನಲ್ಲಿ ಸಂಶೋಧಕರು ತೋರಿಸಿದರು. ಪಿಎಚ್‌ಪಿ, ಪೈಥಾನ್, ರೂಬಿ, ಜಾವಾ ಎಲ್ಲಕ್ಕೂ ಬಿಸಿ ತಟ್ಟಿತು. ತಮಾಷೆ ಏನೆಂದರೆ, ಪರ್ಲ್ ಎಂಬ ಭಾಷೆ ಇದನ್ನು 2003ರಲ್ಲೇ 5.8.1ರಲ್ಲಿ ನೋಡಿಕೊಂಡಿತ್ತು. ಪಕ್ಕದವನ ಬಿಡುಗಡೆ ಟಿಪ್ಪಣಿಯನ್ನು ಯಾರಾದರೂ ಓದಿ ಬುದ್ಧಿ ಕಲಿತಿದ್ದರೆ ಎಂಟು ವರ್ಷ ಉಳಿಯುತ್ತಿತ್ತು. ಪಿಎಚ್‌ಪಿಯವರು 2012ರ ಜನವರಿಯಲ್ಲಿ 5.3.9 ತಂದು, ಒಂದು ಸಲಕ್ಕೆ 1000 ಹೆಸರಿಗಿಂತ ಜಾಸ್ತಿ ಬೇಡ ಅಂತ ಮಿತಿ ಹಾಕಿದರು. ಆ ಮಿತಿ ಹಾಕಿದ ಕೋಡಿನಲ್ಲೇ ಇನ್ನೂ ದೊಡ್ಡ ತೂತು! ಮೊದಲು ಸರ್ವರ್ ಸುಸ್ತಾಗುತ್ತಿತ್ತು ಅಷ್ಟೇ, ಈಗ ಪರರ ಕೋಡ್ ಅದರೊಳಗೆ ಓಡಬಹುದಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು. ಫೆಬ್ರವರಿ ಮೊದಲ ವಾರದಲ್ಲೇ 5.3.10. ಇಲ್ಲೂ ಸಿಕ್ಕಿಬಿದ್ದವರು 5.3.9ಕ್ಕೆ ಬಂದು "ಇನ್ನು ಸಾಕು" ಅಂತ ನಿಂತವರು.

ನನ್ನ ಬೇಜಾರು ಇರುವುದು ಬೇರೆ ಕಡೆ. ಆವೃತ್ತಿಯ ಮೊದಲ ಅಂಕಿ ಬದಲಾದರೆ ಹಬ್ಬ. ಎರಡನೆಯದು ಬದಲಾದರೆ ಭಾಷಣ, ಚಪ್ಪಾಳೆ, ಲೇಖನ. ಮೂರನೆಯದು ಬದಲಾದರೆ "ಓ, ಇನ್ನೊಂದಾ?" ಫೋನಿನ ಆ್ಯಪ್‌ಗಳನ್ನೇ ನೋಡಿ. ವಾರಕ್ಕೊಂದು ಅಪ್‌ಡೇಟ್, ಕೆಳಗೆ ಅದೇ ಸಾಲು: ಕೆಲವು ಬಗ್‌ಗಳನ್ನು ಸರಿಪಡಿಸಲಾಗಿದೆ. ಯಾವ ಬಗ್? ಯಾರಿಗೆ ಕಚ್ಚಿತ್ತು? ನನಗೂ ಕಚ್ಚಿದೆಯಾ? ಹೇಳುವುದಿಲ್ಲ. ಭಾಷೆ ಕಟ್ಟುವವರು ಮಾತ್ರ ಒಂದೊಂದು ತಪ್ಪನ್ನೂ ಸಂಖ್ಯೆ ಹಾಕಿ, ಹೆಸರಿಟ್ಟು ಬಜಾರಿಗೆ ಇಡುತ್ತಾರೆ. ಇಟ್ಟದ್ದಕ್ಕೆ ಅವರಿಗೆ ಸಿಗುವುದು ನಿಮ್ಮಂಥ ಪತ್ರ.

ಪೈಥಾನ್‌ನ ಟಾರ್‌ಫೈಲ್ ನೋಡಿ. ಕಟ್ಟಿಟ್ಟ ಫೈಲ್‌ಗಳನ್ನು ಬಿಚ್ಚುವ ಮಾಡ್ಯೂಲ್. ಫೈಲಿನ ಹೆಸರಲ್ಲೇ ಎರಡು ಚುಕ್ಕಿ ಮತ್ತು ಓರೆಗೆರೆ ಸೇರಿಸಿದರೆ ಅದು ನೀವು ಹೇಳಿದ ಫೋಲ್ಡರ್‌ನಿಂದ ಹೊರಗೆ ಹತ್ತಿ ಇನ್ನೆಲ್ಲೋ ಕೂರುತ್ತದೆ. 2007ರಲ್ಲೇ ಗೊತ್ತಿತ್ತು. ಕೈಪಿಡಿಯಲ್ಲಿ "ಎಚ್ಚರಿಕೆ" ಎಂಬ ಫಲಕ ನೆಟ್ಟರು, ಅಷ್ಟೇ. ಸೋಸುವ ಏರ್ಪಾಡು ಬಂದಿದ್ದು 2023ರಲ್ಲಿ, ಅದು ತಾನಾಗೇ ಜಾರಿಯಾಗಿದ್ದು 2025ರ 3.14ರಲ್ಲಿ. ಯಾಕೆ ಇಷ್ಟು ತಡ? ತಿದ್ದಿದರೆ ಯಾರದೋ ಹಳೆಯ ಪ್ರೋಗ್ರಾಂ ಕೆಡಬಹುದು ಎಂಬ ಹಿಂಜರಿಕೆಯೂ ಒಂದು ಕಾರಣ. ಆ "ಯಾರೋ" ಯಾರು ಅಂತ ನಾನು ಹೇಳಬೇಕಿಲ್ಲ.

ನಮ್ಮ ಮನೆಯೂ ತೊಳೆದ ಮುತ್ತೇನಲ್ಲ. ಈ ಪತ್ರಿಕೆಯ "ತಪ್ಪು-ಒಪ್ಪು" ಅಂಕಣ ಎಲ್ಲಿದೆ ಹೇಳಿ ನೋಡೋಣ. ಕೊನೆಯ ಪುಟದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ. ಪುಟ ಕಟ್ಟುವವರು ಪ್ರತಿ ಸಂಚಿಕೆಗೂ "ಸರ್, ಜಾಗ ಸಾಲುತ್ತಿಲ್ಲ, ಇದನ್ನು ತೆಗೆಯಲಾ?" ಅಂತ ಕೇಳುತ್ತಾರೆ. ನಮ್ಮ ಕರಡು ತಿದ್ದುವವರು ಇಪ್ಪತ್ತು ವರ್ಷದಿಂದ ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದಾರೆ. ಅವರು ಹಿಡಿದ ತಪ್ಪಿಗಾಗಿ ಇವತ್ತಿನವರೆಗೆ ಒಂದು ಪತ್ರ ಬಂದಿಲ್ಲ. ಹೋದ ವರ್ಷ ಒಂದು ಒತ್ತಕ್ಷರ ಕಣ್ತಪ್ಪಿತು. ಹನ್ನೊಂದು ಪತ್ರ.

ಇರಲಿ, ನಿಮ್ಮ ಕೆಲಸಕ್ಕೆ ಬರುತ್ತೇನೆ. 3.10ರ ಸರಣಿಯಲ್ಲಿ ಸಿದ್ಧ ಇನ್‌ಸ್ಟಾಲರ್ ಸಿಗುವ ಕೊನೆಯದು 2023ರ ಏಪ್ರಿಲ್‌ನ 3.10.11. ಆಮೇಲಿನವು ಭದ್ರತೆಯ ತೇಪೆ ಮಾತ್ರ, ಅದೂ ಬರೀ ಸೋರ್ಸ್ ಕೋಡ್, ನೀವೇ ಕಟ್ಟಿಕೊಳ್ಳಬೇಕು. ಅವುಗಳಿಗೂ ಗಡುವು 2026ರ ಅಕ್ಟೋಬರ್. ಹಾಗಾಗಿ ಹಿಂದೆ ಮುಂದೆ ನೋಡದೆ ಹೊಸ ಸರಣಿಗೇ ಹೋಗಿ. ಪ್ರೋಗ್ರಾಂನ ತಲೆಯಲ್ಲಿ ಸಿಸ್ ಮಾಡ್ಯೂಲ್ ತಂದುಕೊಂಡು, ಅದರಲ್ಲಿರುವ ಸೆಟ್-ಇಂಟ್-ಮ್ಯಾಕ್ಸ್-ಎಸ್‌ಟಿಆರ್-ಡಿಜಿಟ್ಸ್ ಎಂಬ ಉದ್ದ ಹೆಸರಿನ ಫಂಕ್ಷನ್‌ಗೆ ಸೊನ್ನೆ ಕೊಡಿ. ಮಿತಿ ಹೋಗುತ್ತದೆ. ಹೊರಗಿನವರು ಡೇಟಾ ಕಳಿಸುವ ಸರ್ವರ್‌ನಲ್ಲಿ ಮಾತ್ರ ಹೀಗೆ ಮಾಡಬೇಡಿ. ಆಮೇಲೆ 2000ರ ಫ್ಯಾಕ್ಟೋರಿಯಲ್ ಪ್ರಿಂಟ್ ತೆಗೆದು ನನಗೆ ಕಳಿಸಿ. 5736 ಅಂಕಿ, ಕೊನೆಯಲ್ಲಿ 499 ಸೊನ್ನೆ ಇರಬೇಕು. ಕಿಟಕಿ ಪಕ್ಕದವರಿಗೆ ಎಣಿಸಲು ಕೊಡುತ್ತೇನೆ.