ಆಪ್ತಸಲಹೆ ಪ್ರಕರಣ: "ನೀವು ಕತ್ತಲಾದ್ರೂ ಹೋಗಲ್ಲ ಸಿಸ್ಟರ್"

ಹೆಸರು, ವಯಸ್ಸು, ಜಾಗದ ಗುರುತು ಎಲ್ಲ ಬದಲಾಯಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ. "ಬರೀರಿ ಮೇಡಂ, ನಮ್ಮ ಚರ್ಚಲ್ಲೇ ನನ್ನ ಥರದವರು ಇನ್ನೂ ಇದ್ದಾರೆ" ಅಂತ ಅವರೇ ಹೇಳಿದರು.

ಸ್ಟೆಲ್ಲಾ ಅನ್ನೋಣ. ಅರವತ್ತು ದಾಟಿದೆ. ನರ್ಸ್ ಆಗಿ ದುಡಿದು ನಿವೃತ್ತರಾದವರು. ಚಿಕ್ಕಮಗಳೂರು ಪೇಟೆಯಿಂದ ಸ್ವಲ್ಪ ಆಚೆ, ಕಾಫಿ ತೋಟಗಳ ಮಗ್ಗುಲಲ್ಲಿ ಮನೆ. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಕುಟುಂಬ. ಮಕ್ಕಳಿಬ್ಬರೂ ಹೊರಗಿದ್ದಾರೆ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ನನ್ನ ಹತ್ತಿರ ಕರೆದುಕೊಂಡು ಬಂದದ್ದು ಯಜಮಾನರು. ಬ್ಯಾಂಕಿನಲ್ಲಿದ್ದವರು, ಮಾತು ಲೆಕ್ಕಾಚಾರದ್ದು. ಕುರ್ಚಿ ಎಳೆದುಕೊಳ್ಳುವ ಮೊದಲೇ ಶುರು ಮಾಡಿದರು. "ಇವಳಿಗೆ ಊರಲ್ಲಿರೋ ರೋಗಿಗಳೆಲ್ಲ ಬೇಕು ಮೇಡಂ, ನಾನೊಬ್ಬ ಬೇಡ." ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ದಿನಕ್ಕೆ ನಾಲ್ಕೈದು ಸಲ ಡ್ರಾಪ್ಸ್ ಹಾಕಬೇಕು. ನರ್ಸ್ ಹೆಂಡತಿ ತೋಟದ ಕೂಲಿಕಾರರ ಲೈನ್ ಮನೆಗಳ ಕಡೆ ಹೋಗಿರುತ್ತಿದ್ದರು, ಇವರು ಕನ್ನಡಿ ಮುಂದೆ ಕತ್ತು ಎತ್ತಿ ತಾವೇ ಹಾಕಿಕೊಳ್ಳುತ್ತಿದ್ದರು, ಅರ್ಧ ಕಣ್ಣಿಗೆ, ಅರ್ಧ ಕೆನ್ನೆಗೆ. ಹೇಳುವಾಗ ಅವರಿಗೇ ನಗು ಬಂತು. ಸ್ಟೆಲ್ಲಾ ನಗಲಿಲ್ಲ.

ಅವರನ್ನು ಹೊರಗೆ ಕೂರಿಸಿ ಇವರ ಜೊತೆ ಮಾತಾಡಿದೆ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಯಾರ ಮನೆಗೆ ಯಾವತ್ತು ಹೋದೆ, ಬಿಪಿ ಎಷ್ಟಿತ್ತು, ಗಾಯಕ್ಕೆ ಏನು ಹಾಕಿದೆ, ಎಲ್ಲ ನೀಟಾಗಿ ಬರೆದಿದೆ. ಹೋಗಲಾಗದ ದಿನಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ. ಕೆಂಪು ಕಂಡರೆ ಆ ರಾತ್ರಿ ನಿದ್ದೆ ಇಲ್ಲ. ತಮ್ಮದೇ ಬಿಪಿ ಮಾತ್ರೆ ಎಷ್ಟು ಸಲ ತಪ್ಪಿದೆ ಅನ್ನೋದು ಮಾತ್ರ ಆ ಪುಸ್ತಕದಲ್ಲಿಲ್ಲ!

ನಿಜವಾದ ವಿಷಯ ಬಹಳ ಹೊತ್ತಿನ ಮೇಲೆ ಬಂತು. ತೋಟದಲ್ಲಿ ಜೀವನವಿಡೀ ದುಡಿದ ಒಬ್ಬ ಅಜ್ಜಿ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ. ಬೆನ್ನಿಗೆ ಬೆಡ್‌ಸೋರ್ ಆಗಿತ್ತು. ಮಗ ಕುಡುಕ, ಬಟವಾಡೆ ದಿನ ಮನೆ ಸೇರುವುದೇ ಇಲ್ಲ. ಸ್ಟೆಲ್ಲಾ ವಾರಕ್ಕೊಮ್ಮೆ ಹೋಗುತ್ತಿದ್ದವರು ದಿನಾ ಹೋಗತೊಡಗಿದರು, ಆಮೇಲೆ ದಿನಕ್ಕೆರಡು ಸಲ. ಡ್ರೆಸ್ಸಿಂಗ್, ಸ್ನಾನ, ಗಂಜಿ, ಬಟ್ಟೆ ಒಗೆಯೋದು ಎಲ್ಲ ಇವರದ್ದೇ. ಒಂದು ಸಂಜೆ, ಕೊಯ್ಲಿನ ಕಾಲ, ಚಳಿ, ಬೆನ್ನುನೋವು ಬೇರೆ, ಅಜ್ಜಿಯನ್ನು ಮಗ್ಗುಲು ತಿರುಗಿಸುವಾಗ ಮನಸ್ಸಿನಲ್ಲಿ "ಇವರು ಬೇಗ ಹೋಗಿಬಿಡಬಾರದಾ" ಅಂತ ಬಂದುಬಿಟ್ಟಿತಂತೆ.

ಅಷ್ಟೇ. ಅದೊಂದು ಯೋಚನೆಯನ್ನು ಹಿಡಿದುಕೊಂಡು ಅವರು ತಿಂಗಳುಗಟ್ಟಲೆ ನರಳಿದ್ದಾರೆ. ಅದನ್ನೇ ಮತ್ತೆ ಮತ್ತೆ ಪಾಪನಿವೇದನೆ ಮಾಡಿದ್ದಾರೆ, ಬೇರೆ ಬೇರೆ ಫಾದರ್‌ಗಳ ಹತ್ತಿರ. ಪ್ರಾಯಶ್ಚಿತ್ತ ಅಂತ ಸೇವೆ ಇನ್ನೂ ಜಾಸ್ತಿ ಮಾಡಿದ್ದಾರೆ. ಜಾಸ್ತಿ ಮಾಡಿದಷ್ಟೂ ದಣಿವು, ದಣಿದಷ್ಟೂ ಸಿಟ್ಟು, ಸಿಟ್ಟು ಬಂದಷ್ಟೂ ಪಾಪದ ಭಯ. "ನಾನು ಮಾಡೋದೆಲ್ಲ ನಾಟಕ ಮೇಡಂ. ಪ್ರೀತಿ ಇಲ್ಲದೆ ಎಲ್ಲಾ ದಾನ ಮಾಡಿದ್ರೂ ಪ್ರಯೋಜನ ಇಲ್ಲ ಅಂತ ಸಂತ ಪೌಲರೇ ಬರೆದಿದ್ದಾರಲ್ಲ."

ಸಾಮಾನ್ಯವಾಗಿ ನಾನು ಸಲಹೆಯಲ್ಲಿ ಧರ್ಮಗ್ರಂಥ ತರುವುದಿಲ್ಲ. ಆದರೆ ಇವರ ಗಂಟು ಬಿದ್ದಿದ್ದೇ ಬೈಬಲ್ಲಿನಲ್ಲಿ, ಅದನ್ನು ಬಿಟ್ಟು "ಸ್ವಲ್ಪ ರೆಸ್ಟ್ ತಗೊಳ್ಳಿ, ವಾಕಿಂಗ್ ಮಾಡಿ" ಅಂದರೆ ತಲೆ ಆಡಿಸಿ ಹೋಗುತ್ತಾರೆ, ಅಷ್ಟೇ. ನಾನೂ ಅದೇ ಧರ್ಮದವಳಾದ್ದರಿಂದ ಅವರ ಮಾತಿನಲ್ಲೇ ಮಾತಾಡಬಹುದಿತ್ತು.

ಮೊದಲು ಆ ಯೋಚನೆಯ ವಿಷಯ. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಇಂಥದ್ದು ಬರುವುದು ತೀರಾ ಸಾಮಾನ್ಯ. ಹೆತ್ತ ತಾಯಿಯನ್ನು ನೋಡಿಕೊಳ್ಳುವ ಮಕ್ಕಳಿಗೂ ಬರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಅದು ದಣಿದ ದೇಹ ಆಡುವ ಮಾತು. ಇನ್ನು ಪಾಪವೋ ಅಲ್ಲವೋ ಅಂತ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಧರ್ಮಸಭೆಯ ಬೋಧನೆಯಲ್ಲಿ ಗಂಭೀರ ಪಾಪಕ್ಕೆ ವಿಷಯವೂ ಗಂಭೀರವಾಗಿರಬೇಕು, ಪೂರ್ತಿ ಅರಿವೂ ಇರಬೇಕು, ಮನಸಾರೆ ಒಪ್ಪಿಗೆಯೂ ಇರಬೇಕು ಅನ್ನುವುದು ಅವರಿಗೇ ಗೊತ್ತಿತ್ತು. ಬಂದು ಹೋದ ಯೋಚನೆಗೆ ನೀವು ಒಪ್ಪಿಗೆ ಕೊಟ್ಟಿರಾ ಅಂತ ಕೇಳಿದೆ. "ಕೊಟ್ಟಿದ್ರೆ ಮಾರನೇ ದಿನ ಗಂಜಿ ತಗೊಂಡು ಹೋಗ್ತಿದ್ನಾ" ಅಂದರು. ಸರಿ ಹಾಗಾದರೆ. ಒಬ್ಬರೇ ಫಾದರ್ ಹತ್ತಿರ ಹೋಗಿ, ಅವರು ಒಮ್ಮೆ ಹೇಳಿದ ಮೇಲೆ ಅದನ್ನೇ ಮತ್ತೆ ನಿವೇದನೆ ಮಾಡಬೇಡಿ ಅಂದೆ. ಮುಂದೆ ಯೇಸುಸಭೆ ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್‌ಗೂ 1522ರ ಸುಮಾರಿಗೆ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿ ಇದೇ ಕಾಟ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳುವುದು, ಆದರೂ ಸಮಾಧಾನ ಇಲ್ಲ. ಹಳೆಯದನ್ನು ಮತ್ತೆ ಕೆದಕುವುದಿಲ್ಲ ಅಂತ ತೀರ್ಮಾನ ಮಾಡಿದ ಮೇಲೆಯೇ ಅವರು ಅದರಿಂದ ಬಿಡಿಸಿಕೊಂಡಿದ್ದು.

ಆಮೇಲೆ ನೋಟ್‌ಬುಕ್. ಮತ್ತಾಯನ 25ನೇ ಅಧ್ಯಾಯ ಅವರಿಗೆ ಬಾಯಿಪಾಠ. ಹಸಿದಿದ್ದೆ, ಊಟ ಕೊಟ್ಟಿರಿ. ಕಾಯಿಲೆಯಲ್ಲಿದ್ದೆ, ನೋಡಿಕೊಂಡಿರಿ ಅಂತ ಕೊನೆಯ ತೀರ್ಪಿನ ದಿನ ಪ್ರಭು ಒಳ್ಳೆಯವರಿಗೆ ಹೇಳುವ ಭಾಗ. ಅಲ್ಲಿ ಆ ಒಳ್ಳೆಯವರು ಏನು ಉತ್ತರ ಕೊಡುತ್ತಾರೆ ಅಂತ ಕೇಳಿದೆ. "ಯಾವಾಗ ಪ್ರಭು?" ಅಂತ ಕೇಳ್ತಾರೆ ಅಂದರು. ಅಂದರೆ ಅವರಿಗೆ ನೆನಪೇ ಇಲ್ಲ, ಅಲ್ವಾ? ನಿಮ್ಮ ಹತ್ತಿರ ತಾರೀಖಿನ ಸಮೇತ ಲೆಕ್ಕ ಇದೆಯಲ್ಲ ಅಂದೆ. ಸ್ವಲ್ಪ ಚುಚ್ಚುವ ಮಾತೇ, ಬೇಕಂತಲೇ ಆಡಿದೆ. ನರ್ಸಿನ ಪುಸ್ತಕ ಇರಲಿ, ಬಿಪಿ ಬರೀರಿ, ಗಾಯ ಬರೀರಿ, ಕೆಂಪು ಪೆನ್ನು ಮಾತ್ರ ಬೇಡ ಅಂತ ಒಪ್ಪಂದವಾಯಿತು.

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಸಮಾರ್ಯದವನ ಕಥೆ ಬಂದದ್ದು ಆಮೇಲೆ. ಲೂಕನ 10ನೇ ಅಧ್ಯಾಯ. ಎಲ್ಲರೂ ಅವನು ನಿಂತದ್ದನ್ನು ನೆನಪಿಡುತ್ತಾರೆ, ಹೊರಟದ್ದನ್ನು ಮರೆಯುತ್ತಾರೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರಕ್ಕೆ ಕರೆದುಕೊಂಡು ಹೋದ, ಆ ರಾತ್ರಿ ನೋಡಿಕೊಂಡ. ಮಾರನೇ ದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ, ಅಂದರೆ ಆಗಿನ ಎರಡು ದಿನದ ಕೂಲಿ. ಇನ್ನೂ ಖರ್ಚಾದರೆ ವಾಪಸು ಬರುವಾಗ ಕೊಡ್ತೀನಿ ಅಂದು ತನ್ನ ದಾರಿ ಹಿಡಿದ. ಅವನಿಗೂ ಕೆಲಸ ಇತ್ತು, ಊರಿತ್ತು. ಅಲ್ಲೇ ಟಿಕಾಣಿ ಹೂಡಲಿಲ್ಲ. ಅದಕ್ಕೆ ಯೇಸುಸ್ವಾಮಿ ಅವನನ್ನು ಬೈಯಲೂ ಇಲ್ಲ, "ನೀನೂ ಹೋಗಿ ಹಾಗೇ ಮಾಡು" ಅಂದರು.

"ನಿಮ್ಮ ಅಜ್ಜಿಗೆ ಛತ್ರದವನು ಯಾರು?" ಅಂತ ಕೇಳಿದೆ. ಯಾರೂ ಇಲ್ಲ ಅಂದರು. ಸಲಹೆ ಶುರುವಾಗಿದ್ದು ಇಲ್ಲಿಂದ.

ಮೊದಲನೇ ಕೆಲಸ, ಅಜ್ಜಿಯನ್ನೇ ಕೇಳುವುದು. ಇಷ್ಟು ದಿನ ಏನು ಬೇಕು ಅಂತ ಕೇಳಿರಲೇ ಇಲ್ಲವಂತೆ, ನೋಡಿದರೆ ಗೊತ್ತಾಗುತ್ತಲ್ಲ ಅಂತ. ಕೇಳಿಕೊಂಡು ಬಂದರು. ಅಜ್ಜಿಗೆ ಬೇಕಾಗಿದ್ದು ಎಲೆಅಡಿಕೆ, ಮತ್ತೆ ಮಂಚ ಬಾಗಿಲ ಹತ್ತಿರ ಹಾಕಿದರೆ ರಸ್ತೆ ಕಾಣುತ್ತೆ ಅಂತ. ಮೂರನೆಯದು ಮಗನ ವಿಷಯ. "ನೀವು ಬಂದ್ರೆ ಅವ್ನು ನಾಚಿಕೆಗೆ ಹೊರಗೋಗ್ತಾನೆ. ನೀವು ಹೋದ್ಮೇಲೆ ಬರ್ತಾನೆ. ನೀವು ಕತ್ತಲಾದ್ರೂ ಹೋಗಲ್ಲ ಸಿಸ್ಟರ್."

ಇದನ್ನು ನನಗೆ ಹೇಳುವಾಗ ಸ್ಟೆಲ್ಲಾ ಮೊದಲು ಅತ್ತರು, ಆಮೇಲೆ ನಕ್ಕರು. ಕುಡುಕ ಮಗನೆಲ್ಲ ಒಳ್ಳೆಯವನಾಗಿಬಿಟ್ಟ ಅಂತ ನಾನು ಹೇಳುತ್ತಿಲ್ಲ, ಆಗಿಲ್ಲ. ಆದರೆ ಅವನು ಮಾಡಬೇಕಾದ ಜಾಗದಲ್ಲಿ ಇವರು ನಿಂತಿದ್ದರು. ಒಂದು ದಿನ ಬೇಗ ಹೋಗಿ ಅವನನ್ನು ಹಿಡಿದು, ಅಮ್ಮನನ್ನು ಎರಡು ಗಂಟೆಗೊಮ್ಮೆ ಹೇಗೆ ಮಗ್ಗುಲು ಬದಲಿಸಬೇಕು, ಕಾಲುಗಳ ನಡುವೆ ದಿಂಬು ಎಲ್ಲಿಡಬೇಕು ಅಂತ ತೋರಿಸಿ, ಅವನ ಕೈಯಲ್ಲೇ ಮಾಡಿಸಿ ಬನ್ನಿ ಅಂದೆ. ಬೈಯಬೇಡಿ, ಉಪದೇಶ ಬೇಡ, ತರಬೇತಿಗೆ ಬಂದ ಹುಡುಗಿಯರಿಗೆ ಕಲಿಸುತ್ತಿದ್ದಿರಲ್ಲ, ಹಾಗೆ.

ಎರಡನೆಯದು, ಒಬ್ಬರೇ ಹೋಗಬೇಡಿ. ಅವರ ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ್ದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದು ಅವರ ಪದ್ಧತಿ. ಯಾರು ಎಷ್ಟು ಕೊಟ್ಟರು ಅಂತ ಕಾಣದ ಹಾಗೆ ಸಭೆಯಲ್ಲಿ ಚೀಲ ತಿರುಗುತ್ತದೆ. ಇಬ್ಬರಾಗಿ ಹೋಗುವುದರಲ್ಲಿ ಬಹಳ ವಿವೇಕ ಇದೆ. ಒಬ್ಬರು ದಣಿದರೆ ಇನ್ನೊಬ್ಬರಿಗೆ ಕಾಣುತ್ತೆ, ದುಡ್ಡಿನ ಅನುಮಾನ ಬರಲ್ಲ, ದಾರಿಯಲ್ಲಿ ಮಾತಿಗೂ ಆಗುತ್ತೆ. ಸ್ಟೆಲ್ಲಾ ಆ ಸಭೆಯನ್ನು "ಸುಮ್ನೆ ಮೀಟಿಂಗ್ ಮಾಡ್ತಾರೆ" ಅಂತ ದೂರ ಇಟ್ಟಿದ್ದರು. ಈಗ ಅಜ್ಜಿಗೆ ಗಾಳಿ ಹಾಸಿಗೆ ಬಂದಿರುವುದು ಅದೇ ಚೀಲದಿಂದ.

ಇನ್ನೊಂದು ವಿಷಯ ಹೇಳಲೇಬೇಕು. ಲೈನಿನ ಕೆಲವು ಹುಡುಗರು "ಮತಾಂತರ ಮಾಡಕ್ಕೆ ಬರ್ತೀರಾ?" ಅಂತ ಇವರನ್ನು ಕೇಳಿದ್ದರು. ಅಜ್ಜಿ ಹಿಂದೂ. ಇವರಿಗೆ ಅದು ತುಂಬಾ ನೋವಾಗಿತ್ತು, ನಮ್ಮ ಜಿಲ್ಲೆಯಲ್ಲಿ ಅದು ಹಗುರವಾದ ಮಾತೂ ಅಲ್ಲ. 2005ರಲ್ಲಿ ಪೋಪ್ 16ನೇ ಬೆನೆಡಿಕ್ಟರು ದೇವರ ಪ್ರೀತಿಯ ಬಗ್ಗೆ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಇದನ್ನು ನೇರವಾಗಿಯೇ ಹೇಳಿದ್ದಾರೆ: ಪ್ರೀತಿ ಪುಕ್ಕಟೆಯಾಗಿ ಕೊಡುವಂಥದ್ದು, ಬೇರೊಂದು ಉದ್ದೇಶ ಸಾಧಿಸಲು ಅದನ್ನು ಬಳಸಬಾರದು, ಯಾವಾಗ ದೇವರ ಬಗ್ಗೆ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು ಕ್ರೈಸ್ತನಿಗೆ ಗೊತ್ತಿರುತ್ತೆ ಅಂತ. ಹಾಗಾಗಿ ನನ್ನ ಸಲಹೆ ಸರಳ. ಹುಡುಗರ ಜೊತೆ ವಾದ ಬೇಡ. ಪಕ್ಕದ ಮನೆಯ ಹೆಂಗಸನ್ನು ಒಳಗೆ ಕರೆದು ಡ್ರೆಸ್ಸಿಂಗ್ ಕಲಿಸಿ, ಬಾಗಿಲು ತೆರೆದಿಟ್ಟು ಕೆಲಸ ಮಾಡಿ. ಮಂಚ ಬಾಗಿಲಿಗೆ ಬಂದ ಮೇಲೆ ಅದು ತಾನಾಗಿಯೇ ಆಯಿತು.

ಯಜಮಾನರಿಗೆ ನಾನು ಹೇಳಿದ್ದು ಬೇರೆ. ಹೆಂಡತಿಯನ್ನು ತಡೆಯೋದು ಬಿಡಿ, ನಿಮಗೆ ಗೊತ್ತಿರೋ ಕೆಲಸ ಹುಡುಕಿಕೊಳ್ಳಿ ಅಂದೆ. ಗೊಣಗಿದರು. ಆದರೆ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ ಅಂತ ಗೊತ್ತಾದ ಕೂಡಲೇ ಅವರೊಳಗಿನ ಬ್ಯಾಂಕಿನವರು ಎದ್ದು ಕೂತರು! ಆಧಾರ್ ಜೋಡಣೆ ಸರಿ ಇರಲಿಲ್ಲ. ನಾಡಕಚೇರಿ, ಅಂಚೆ ಕಚೇರಿ ಅಂತ ಓಡಾಡಿ ಮತ್ತೆ ಶುರು ಮಾಡಿಸಿದರು, ಅದನ್ನು ನನಗೆ ಎರಡೆರಡು ಸಲ ವಿವರಿಸಿದರು ಕೂಡ. ಮಗ ಹಣಕ್ಕಾಗಿ ಅಮ್ಮನನ್ನು ಪೀಡಿಸಿದರೆ ಹಿರಿಯರ ಸಹಾಯವಾಣಿ 14567 ಇದೆ, ಹೆತ್ತವರ ಪೋಷಣೆಗೆ 2007ರ ಕಾಯ್ದೆಯೂ ಇದೆ ಅಂತ ಹೇಳಿದ್ದೇನೆ. ಅಜ್ಜಿ ಕೇಸು ಬೇಡ ಅಂದಿದ್ದಾರೆ, ಅವರ ಇಷ್ಟ.

ಈಗ ಸ್ಟೆಲ್ಲಾ ವಾರಕ್ಕೆ ಎರಡು ದಿನ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಆಶಾ ಕಾರ್ಯಕರ್ತೆಗೆ ಗಾಯದ ವಿಷಯ ಗೊತ್ತಿದೆ. ರಾತ್ರಿ ಒಂಬತ್ತರ ಮೇಲೆ ಫೋನ್ ಗಂಡನ ಕೈಯಲ್ಲಿ. ನಿದ್ದೆ ಸ್ವಲ್ಪ ಪರವಾಗಿಲ್ಲ, ಬಿಪಿ ಇನ್ನೂ ಹತೋಟಿಗೆ ಬಂದಿಲ್ಲ, ಡಾಕ್ಟರ್ ಮಾತ್ರೆ ಬದಲಿಸಿದ್ದಾರೆ. ಹೋಗದ ದಿನ ಚಡಪಡಿಕೆ ಇದ್ದೇ ಇದೆ, ಅದಕ್ಕಾಗಿ ಇನ್ನೂ ಬರುತ್ತಾರೆ. ಮಗ ಮಗ್ಗುಲು ತಿರುಗಿಸುವುದು ಕಲಿತಿದ್ದಾನೆ, ಬಟವಾಡೆ ದಿನ ಮಾತ್ರ ಪತ್ತೆ ಇರುವುದಿಲ್ಲ. ಆ ರಾತ್ರಿ ಅಜ್ಜಿಯನ್ನು ನೋಡಿಕೊಳ್ಳುವವರು ಯಾರು ಅಂತ ಇನ್ನೂ ಗೊತ್ತುಮಾಡಿಲ್ಲ. ಪಕ್ಕದ ಮನೆಯ ಹೆಂಗಸಿಗೆ ಅದಕ್ಕೆ ಏನಾದರೂ ಕೊಡಬೇಕೋ ಬೇಡವೋ ಅನ್ನೋದರ ಮೇಲೆ ಗಂಡ ಹೆಂಡತಿ ಜಗಳ ನಡೆಯುತ್ತಿದೆ. ಎರಡು ದಿನಾರಿ ಕೊಡಲೇಬೇಕು ಅನ್ನುವ ಪಕ್ಷದಲ್ಲಿ ಯಜಮಾನರಿದ್ದಾರೆ.